ಕಣ, ಮನೆ, ಮಾತ್ರೆ: ಸಂಶೋಧನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

"ಸಂಶೋಧನೆಯಿಂದ ಸಾಬೀತಾಗಿದೆ" ಎನ್ನುವ ಸುದ್ದಿ ದಿನಕ್ಕೊಂದಾದರೂ ಫೋನಿಗೆ ಬಂದು ಬೀಳುತ್ತದೆ. ಒಂದು ದಿನ ಹೊಸ ಕಣ, ಇನ್ನೊಂದು ದಿನ ಮನೆ ಬಾಡಿಗೆ, ಮತ್ತೊಂದು ದಿನ ಯಾವುದೋ ಮಾತ್ರೆ. ಇದರಲ್ಲಿ ಎಷ್ಟನ್ನು ನಂಬಬೇಕು, ಯಾಕೆ ನಂಬಬೇಕು ಎಂದು ಕೇಳುವವರಿಗಾಗಿ ಈ ಪುಟ.

ಭೌತವಿಜ್ಞಾನ, ವೈದ್ಯಕೀಯ, ಮನೆಗಳ ಅರ್ಥಶಾಸ್ತ್ರ: ಮೂರನ್ನೂ ಒಂದೇ ಕಡೆ ಯಾಕೆ ಹಾಕಿದ್ದೀರಿ?

ಮೂರಕ್ಕೂ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಯಾವುದರ ಜೊತೆ ಹೋಲಿಸಿದರು? ಮಾತ್ರೆ ನುಂಗಿದವರನ್ನು ನುಂಗದವರ ಜೊತೆ. ಕಾನೂನು ಬಂದ ಮನೆಗಳನ್ನು ಬರದ ಮನೆಗಳ ಜೊತೆ. ಕಣ ಹಾದುಹೋಗಿ ಯಂತ್ರದಲ್ಲಿ ಕಂಡ ಗೆರೆಯನ್ನು, ಏನೂ ಇಲ್ಲದಿದ್ದರೂ ಕಾಣುವ ಗೆರೆಗಳ ಜೊತೆ. ಈ ಹೋಲಿಕೆಯನ್ನು ಭೌತವಿಜ್ಞಾನಿ ಕಟ್ಟಿಕೊಳ್ಳಬಲ್ಲ. ವೈದ್ಯರು ಚೀಟಿ ಎತ್ತಿ ಮಾಡಬಲ್ಲರು. ಅರ್ಥಶಾಸ್ತ್ರಜ್ಞರು ಹೆಚ್ಚಿನ ಸಲ ಅದು ಎಲ್ಲಾದರೂ ತಾನಾಗಿ ಸಿಗುತ್ತದಾ ಅಂತ ಹುಡುಕಿಕೊಂಡು ಹೋಗಬೇಕು.

ಭೌತವಿಜ್ಞಾನದಲ್ಲಿ ಎಲ್ಲ ಲ್ಯಾಬ್ ಒಳಗೇ ಇರುತ್ತದೆ. ಅವರಿಗೆ ಸುಲಭ ಅಲ್ವಾ?

ಸುಲಭ ಅನ್ನುವವರು ಕೆಜಿಎಫ್ ಕಥೆ ಕೇಳಬೇಕು. ಸಿನಿಮಾದ್ದಲ್ಲ, ಗಣಿಯದ್ದು.

ಆಕಾಶದಿಂದ ಹಗಲು ರಾತ್ರಿ ಕಾಸ್ಮಿಕ್ ಕಿರಣಗಳು ಸುರಿಯುತ್ತಲೇ ಇರುತ್ತವೆ. ಅವುಗಳಿಂದ ಹುಟ್ಟುವ ಮ್ಯೂಯಾನ್ ಎಂಬ ಕಣಗಳು ಮನೆಯ ತಾರಸಿ ದಾಟಿ, ನಮ್ಮನ್ನೂ ದಾಟಿ ನೆಲದೊಳಕ್ಕೆ ಹೋಗುತ್ತವೆ. ಯಾವುದನ್ನೂ ಅಷ್ಟಾಗಿ ತಾಗದೆ ದಾಟಿಹೋಗುವ ನ್ಯೂಟ್ರಿನೋ ಎಂಬ ಕಣವನ್ನು ಹುಡುಕುವವರಿಗೆ ಈ ಮ್ಯೂಯಾನ್‌ಗಳದ್ದೇ ಗದ್ದಲ. ಯಾವುದು ನ್ಯೂಟ್ರಿನೋ ಗುರುತು, ಯಾವುದು ಸುಮ್ನೆ ಮೇಲಿಂದ ಬಿದ್ದದ್ದು ಅಂತ ತಿಳಿಯುವುದಿಲ್ಲ. ಆದ್ದರಿಂದ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು (ಟಿಐಎಫ್‌ಆರ್) ಕೋಲಾರದ ಚಿನ್ನದ ಗಣಿಗೆ ಇಳಿದರು. ನಂಜನಗೂಡಿನ ಕಡೆಯ ಬಿ. ವಿ. ಶ್ರೀಕಂಠನ್ 1950ರ ದಶಕದಲ್ಲೇ ಅಲ್ಲಿ ಬೇರೆ ಬೇರೆ ಆಳದಲ್ಲಿ ಮ್ಯೂಯಾನ್ ಅಳೆದಿದ್ದರು. ಮುಂದೆ ಅವರೇ ಟಿಐಎಫ್‌ಆರ್ ನಿರ್ದೇಶಕರೂ ಆದರು. ಸುಮಾರು 2.3 ಕಿಲೋಮೀಟರ್ ಆಳಕ್ಕೆ ಹೋದರೆ ಮೇಲಿನ ಬಂಡೆಯೇ ಮ್ಯೂಯಾನ್‌ಗಳನ್ನು ತಡೆಯುತ್ತದೆ. ಬರುವ ಒಂದೆರಡು ಕೂಡ ನೆತ್ತಿಯ ಕಡೆಯಿಂದಲೇ ಬರುತ್ತವೆ. ಹಾಗಾದರೆ ಅಡ್ಡಡ್ಡವಾಗಿ ಬಂದ ಗೆರೆಯನ್ನು ಏನೆನ್ನಬೇಕು? ಅಷ್ಟು ದಪ್ಪ ಬಂಡೆಯನ್ನು ಅಡ್ಡವಾಗಿ ದಾಟಿ ಬರುವ ತಾಕತ್ತು ಮ್ಯೂಯಾನ್‌ಗೆ ಇಲ್ಲ. ಅಂದರೆ ಹತ್ತಿರದ ಬಂಡೆಯಲ್ಲೇ ಒಂದು ನ್ಯೂಟ್ರಿನೋ ಬಡಿದು ಅದನ್ನು ಹುಟ್ಟಿಸಿರಬೇಕು. 1965ರಲ್ಲಿ ಟಿಐಎಫ್‌ಆರ್, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಾಮ್ ವಿಶ್ವವಿದ್ಯಾಲಯದವರು ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಹೀಗೆ ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಸಿಕ್ಕಿತು.

ಕಥೆಯ ಎರಡನೇ ಭಾಗದ ಬಗ್ಗೆ ನಮ್ಮಲ್ಲಿ ಅಷ್ಟಾಗಿ ಮಾತಿಲ್ಲ. 1980ರ ಹೊತ್ತಿಗೆ ಅದೇ ಗಣಿಯಲ್ಲಿ 140 ಟನ್ ತೂಕದ ಕಬ್ಬಿಣದ ಉಪಕರಣ ಇಟ್ಟು, ಪ್ರೋಟಾನ್ ಒಡೆಯುತ್ತದಾ ಅಂತ ಕಾದರು. ಒಡೆದಿರಬಹುದು ಎನ್ನುವಂಥ ಕೆಲವು ಗುರುತುಗಳು ಸಿಕ್ಕವು. ಪ್ರಕಟಿಸಿದರು. ಲೋಕವೆಲ್ಲ ಕಿವಿ ನಿಮಿರಿಸಿತು. ಆಮೇಲೆ ಅಮೆರಿಕ ಮತ್ತು ಜಪಾನಿನಲ್ಲಿ ಇದಕ್ಕಿಂತ ಎಷ್ಟೋ ದೊಡ್ಡ ನೀರಿನ ತೊಟ್ಟಿಗಳನ್ನಿಟ್ಟು ನೋಡಿದರೆ ಏನೂ ಇಲ್ಲ. ಜಪಾನಿನ ಸೂಪರ್ ಕಾಮಿಯೋಕಾಂಡೆಯಲ್ಲಿ 50,000 ಟನ್ ನೀರಿದೆ. ಅದಕ್ಕೂ ಇದುವರೆಗೆ ಒಂದು ಪ್ರೋಟಾನ್ ಒಡೆದದ್ದು ಕಂಡಿಲ್ಲ. ಕೋಲಾರದವರು ಮೋಸ ಮಾಡಿದರು ಅಂತ ಯಾರೂ ಹೇಳಲಿಲ್ಲ. ಕಂಡದ್ದನ್ನು ಮುಂದಿಟ್ಟರು, ಬೇರೆಯವರು ಹೋಲಿಸಿ ನೋಡಿದರು, ನಿಲ್ಲಲಿಲ್ಲ.

"ಐದು ಸಿಗ್ಮಾ" ಅಂತಾರಲ್ಲ, ಹಾಗಂದ್ರೇನು?

ಹೊಸದೇನೂ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಇಷ್ಟು ದೊಡ್ಡ ಗುರುತು ಕಾಣಿಸಿಕೊಳ್ಳುವ ಸಾಧ್ಯತೆ ಎಷ್ಟು ಅನ್ನುವ ಲೆಕ್ಕ ಅದು. ಐದು ಸಿಗ್ಮಾ ಅಂದರೆ ಸುಮಾರು 35 ಲಕ್ಷದಲ್ಲಿ ಒಂದು. 2012ರ ಜುಲೈ 4ರಂದು ಯುರೋಪಿನ ಕಣ ಪ್ರಯೋಗಾಲಯ ಸರ್ನ್‌ನಲ್ಲಿ ಹಿಗ್ಸ್ ಬೋಸಾನ್ ಎಂಬ ಹೊಸ ಕಣ ಘೋಷಿಸುವಾಗ ಈ ಗೆರೆ ಮುಟ್ಟಿದ ಮೇಲೇ ಬಾಯಿ ಬಿಟ್ಟರು. ವೈದ್ಯಕೀಯದಲ್ಲಿ, ಅರ್ಥಶಾಸ್ತ್ರದಲ್ಲಿ ರೂಢಿಯ ಗೆರೆ ಇಪ್ಪತ್ತರಲ್ಲಿ ಒಂದು. ವ್ಯತ್ಯಾಸ ಬಹಳ ಜಾಸ್ತಿ ಅನ್ನಿಸುತ್ತದೆ, ನಿಜ. ಆದರೆ ಪ್ರೋಟಾನ್‌ಗಳನ್ನು ಕೋಟಿ ಕೋಟಿ ಸಲ ಡಿಕ್ಕಿ ಹೊಡೆಸಬಹುದು. ರೋಗಿಗಳನ್ನು ಹಾಗೆ ಸೇರಿಸಲು ಆಗುವುದಿಲ್ಲ.

ಇಪ್ಪತ್ತರಲ್ಲಿ ಒಂದು ಅಂದರೆ "ಈ ಫಲಿತಾಂಶ ಶೇ. 95ರಷ್ಟು ಸತ್ಯ" ಅಂತಲ್ಲ. ಸುದ್ದಿ ಬರೆಯುವವರು ಜಾಸ್ತಿ ಎಡವುವುದು ಇಲ್ಲೇ.

ಅಷ್ಟು ಖಚಿತವಾಗಿ ಅಳೆದರೂ ತಪ್ಪಾಗುತ್ತದಾ?

ಆಗುತ್ತದೆ. 2011ರ ಸೆಪ್ಟೆಂಬರ್‌ನಲ್ಲಿ ಒಪೆರಾ ಎಂಬ ತಂಡ ಒಂದು ಲೆಕ್ಕ ಹೊರಗಿಟ್ಟಿತು. ಜಿನೀವಾ ಹತ್ತಿರದ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸೋಗೆ 730 ಕಿಲೋಮೀಟರ್. ಅಲ್ಲಿಗೆ ನ್ಯೂಟ್ರಿನೋಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮೊದಲೇ ತಲುಪುತ್ತಿದ್ದವು. ಲೆಕ್ಕಾಚಾರದ ಖಚಿತತೆ ಆರು ಸಿಗ್ಮಾ! ಐನ್‌ಸ್ಟೈನ್ ತಪ್ಪು ಅಂತ ಟಿವಿಗಳಲ್ಲಿ ಬಂದದ್ದು ನಿಮಗೂ ನೆನಪಿರಬಹುದು. ಕೊನೆಗೆ ಸಿಕ್ಕಿದ್ದು ಏನು? ಜಿಪಿಎಸ್ ಸಮಯವನ್ನು ಕಂಪ್ಯೂಟರಿಗೆ ತರುವ ಫೈಬರ್ ಕೇಬಲ್ ಒಂದು ಸರಿಯಾಗಿ ಸಿಕ್ಕಿಸಿರಲಿಲ್ಲ. ಬೆಳಕು ಪೂರ್ತಿ ಒಳಗೆ ಹೋಗದೆ ಸಂಕೇತ ತಡವಾಗಿ, ಗಡಿಯಾರದ ಲೆಕ್ಕ ಏರುಪೇರಾಗಿತ್ತು. ಸಿಗ್ಮಾ ಆಕಸ್ಮಿಕವನ್ನು ಅಳೆಯುತ್ತದೆ. ಸಡಿಲವಾದ ಕೇಬಲ್ ಅದರ ಲೆಕ್ಕಕ್ಕೆ ಬರುವುದಿಲ್ಲ.

ಮತ್ತೆ 2023ರಲ್ಲಿ ಬಂದ ಎಲ್‌ಕೆ-99?

ಕೊರಿಯಾದವರು ಮಾಮೂಲಿ ಉಷ್ಣತೆಯಲ್ಲೇ ಸೂಪರ್‌ಕಂಡಕ್ಟರ್, ಅಂದರೆ ವಿದ್ಯುತ್‌ಗೆ ತಡೆಯೇ ಒಡ್ಡದ ವಸ್ತು, ಸಿಕ್ಕಿತು ಅಂದರು; ಅದರ ಹೆಸರೇ ಎಲ್‌ಕೆ-99. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿ ಹಲವರು ಅದನ್ನು ತಾವೇ ತಯಾರಿಸಿ ನೋಡಿದರು, ಆಗಲಿಲ್ಲ. ವಿದ್ಯುತ್ ತಡೆ ತಟ್ಟನೆ ಇಳಿದದ್ದಕ್ಕೆ ಕಾರಣ ಅದರೊಳಗೆ ಕಲಬೆರಕೆಯಾಗಿ ಉಳಿದ ತಾಮ್ರದ ಸಲ್ಫೈಡ್. ಕೆಲವೇ ವಾರಗಳಲ್ಲಿ ಮುಗಿದುಹೋಯಿತು. ಭೌತವಿಜ್ಞಾನದ ದೊಡ್ಡ ಅನುಕೂಲವೇ ಇದು: ಪಾಕವಿಧಾನ ಕೊಟ್ಟರೆ ಬೇರೆಯವರು ಅಡುಗೆ ಮಾಡಿ ನೋಡಬಹುದು.

ನನಗೆ ಈ ಔಷಧದಿಂದ ವಾಸಿಯಾಯಿತು. ಅದಕ್ಕಿಂತ ಪುರಾವೆ ಬೇಕಾ?

ವಾಸಿಯಾದದ್ದು ಒಳ್ಳೆಯದೇ. ಆದರೆ ಔಷಧ ತೆಗೆದುಕೊಳ್ಳದಿದ್ದರೆ ಏನಾಗುತ್ತಿತ್ತು ಎಂದು ನೋಡಲು ಇನ್ನೊಬ್ಬ "ನೀವು" ಇಲ್ಲವಲ್ಲ. ಅದಕ್ಕೇ ಜನರನ್ನು ಎರಡು ಗುಂಪು ಮಾಡುವುದು. ಗುಂಪು ಮಾಡುವಾಗ ವೈದ್ಯರ ಆಯ್ಕೆಯೂ ಇರಬಾರದು, ರೋಗಿಯ ಆಯ್ಕೆಯೂ ಇರಬಾರದು. ಇಲ್ಲದಿದ್ದರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಕಡೆ ಸೇರಿಬಿಡುತ್ತಾರೆ.

ಬ್ರಿಟನ್ನಿನಲ್ಲಿ 1948ರಲ್ಲಿ ಪ್ರಕಟವಾದ, ಸ್ಟ್ರೆಪ್ಟೊಮೈಸಿನ್ ಎಂಬ ಕ್ಷಯದ ಔಷಧದ ಪರೀಕ್ಷೆ ಇದಕ್ಕೆ ದಾರಿ ಹಾಕಿತು. ಯುದ್ಧ ಮುಗಿದ ಕಾಲ, ಔಷಧ ಎಲ್ಲರಿಗೂ ಸಾಲುತ್ತಿರಲಿಲ್ಲ. ಹೇಗೂ ಎಲ್ಲರಿಗೆ ಕೊಡಲಾಗುವುದಿಲ್ಲ, ಯಾರಿಗೆ ಎಂಬುದನ್ನು ಮುಚ್ಚಿದ ಲಕೋಟೆಯೇ ಹೇಳಲಿ ಅಂತ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ವ್ಯವಸ್ಥೆ ಮಾಡಿದರು. ಆರು ತಿಂಗಳಲ್ಲಿ ಔಷಧ ಸಿಕ್ಕ 55 ಕ್ಷಯರೋಗಿಗಳಲ್ಲಿ 4 ಜನ ಸತ್ತರು. ಬರೀ ಹಾಸಿಗೆ ವಿಶ್ರಾಂತಿ ಸಿಕ್ಕ 52 ಜನರಲ್ಲಿ 14.

ನಮಗೆ ಇನ್ನೂ ಹತ್ತಿರದ್ದು ಮದ್ರಾಸಿನ ಪರೀಕ್ಷೆ. ಆಗ ಟಿಬಿ ಬಂತು ಅಂದರೆ ಸ್ಯಾನಟೋರಿಯಂ. ಮೈಸೂರಿನ ಪಿಕೆಟಿಬಿ ಹೆಸರು ಹಳಬರಿಗೆಲ್ಲ ಗೊತ್ತು. ಒಳ್ಳೆಯ ಗಾಳಿ, ಹಾಲು ಮೊಟ್ಟೆ, ವಿಶ್ರಾಂತಿ ಇಲ್ಲದೆ ಟಿಬಿ ವಾಸಿಯಾಗದು ಎಂಬ ನಂಬಿಕೆ ಗಟ್ಟಿಯಾಗಿತ್ತು. ಆದರೆ ಇಡೀ ದೇಶದ ರೋಗಿಗಳಿಗೆ ಹಾಸಿಗೆ ತರುವುದೆಲ್ಲಿಂದ? 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಕೇಂದ್ರ 193 ಬಡ ರೋಗಿಗಳನ್ನು ಚೀಟಿ ಲೆಕ್ಕದಲ್ಲಿ ಎರಡು ಪಾಲು ಮಾಡಿತು. ಅರ್ಧ ಜನ ಸ್ಯಾನಟೋರಿಯಂಗೆ, ಅರ್ಧ ಜನ ತಮ್ಮ ಇಕ್ಕಟ್ಟಾದ ಮನೆಗಳಿಗೆ. ಇಬ್ಬರಿಗೂ ಅದೇ ಮಾತ್ರೆ, ಒಂದು ವರ್ಷ. ಮನೆಯಲ್ಲಿದ್ದವರ ಊಟ ಕಳಪೆ, ಓಡಾಟ ಜಾಸ್ತಿ. ಆದರೂ 1959ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ರೋಗಿ ಮನೆಯಲ್ಲೇ ಇದ್ದ ಕಾರಣಕ್ಕೆ ಮನೆಮಂದಿಗೆ ಸೋಂಕು ಹೆಚ್ಚಾಗಲೂ ಇಲ್ಲ. ಟಿಬಿ ಚಿಕಿತ್ಸೆ ಲೋಕದೆಲ್ಲೆಡೆ ಸ್ಯಾನಟೋರಿಯಂ ಬಿಟ್ಟು ಮನೆಗೆ ಬಂದದ್ದರಲ್ಲಿ ಈ ಪರೀಕ್ಷೆಯ ಪಾಲು ದೊಡ್ಡದು. ನನ್ನನ್ನು ಕೇಳಿದರೆ ಭಾರತದಲ್ಲಿ ನಡೆದ ವೈದ್ಯಕೀಯ ಸಂಶೋಧನೆಗಳಲ್ಲಿ ಇದಕ್ಕೆ ಮೊದಲ ಸಾಲಿನಲ್ಲಿ ಜಾಗ. ಶಾಲಾ ಪುಸ್ತಕದಲ್ಲಿ ಮಾತ್ರ ಹುಡುಕಿದರೂ ಸಿಗುವುದು ಕಷ್ಟ.

ಕೊರೋನಾ ಕಾಲದಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕೆಲಸ ಮಾಡುತ್ತದೆ ಅಂದರು, ಆಮೇಲೆ ಇಲ್ಲ ಅಂದರು. ಇವರನ್ನು ನಂಬುವುದು ಹೇಗೆ?

ಮೊದಲು ಅಂದವರು ಹೇಗೆ ಅಂದರು ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. 2020ರ ಮಾರ್ಚ್‌ನಲ್ಲಿ ಫ್ರಾನ್ಸಿನ ಮಾರ್ಸೇಯಿಂದ ಒಂದು ಚಿಕ್ಕ ಅಧ್ಯಯನ ಬಂತು. ಮಾತ್ರೆ ಕೊಟ್ಟದ್ದು 26 ಜನರಿಗೆ. ಲೆಕ್ಕಕ್ಕೆ ತೆಗೆದುಕೊಂಡದ್ದು 20 ಜನರನ್ನು. ಉಳಿದ ಆರು ಜನ ಏನಾದರು? ಮೂವರು ಐಸಿಯುಗೆ ಹೋದರು, ಒಬ್ಬರು ಸತ್ತರು, ಒಬ್ಬರಿಗೆ ವಾಕರಿಕೆ ಬಂದು ಮಾತ್ರೆ ನಿಲ್ಲಿಸಿದರು, ಒಬ್ಬರು ಆಸ್ಪತ್ರೆ ಬಿಟ್ಟು ಮನೆಗೆ ಹೋದರು. ಇವರೆಲ್ಲ ಲೆಕ್ಕದಿಂದ ಹೊರಗೆ! ಅಳೆದದ್ದೂ ಮೂಗಿನ ಸ್ವಾಬಿನಲ್ಲಿ ವೈರಾಣು ಇದೆಯಾ ಅಂತ, ಜನ ಉಳಿದರಾ ಅಂತಲ್ಲ. ಹೋಲಿಕೆಯ ಗುಂಪನ್ನು ಚೀಟಿ ಎತ್ತಿ ಮಾಡಿರಲೂ ಇಲ್ಲ. ಇಂಥ ಅಧ್ಯಯನದ ಬೆನ್ನಿಗೆ ಔಷಧದಂಗಡಿಗಳಲ್ಲಿ ಮಾತ್ರೆ ಖಾಲಿಯಾಯಿತು. ಕೀಲು ವಾತಕ್ಕೆ, ಲೂಪಸ್‌ಗೆ ದಿನಾ ಅದನ್ನೇ ನುಂಗುವವರು ಪರದಾಡಿದರು. ಪ್ರಬಂಧವನ್ನು ಹಿಂದಕ್ಕೆ ಪಡೆದದ್ದು 2024ರ ಡಿಸೆಂಬರ್‌ನಲ್ಲಿ.

ಇನ್ನೊಂದು ಕಡೆ ಬ್ರಿಟನ್ನಿನ ರಿಕವರಿ ಪರೀಕ್ಷೆ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಚೀಟಿ ಲೆಕ್ಕದಲ್ಲಿ ಹಂಚಿತು. ಮಾತ್ರೆ ಸಿಕ್ಕವರಲ್ಲಿ 28 ದಿನದೊಳಗೆ ಸತ್ತವರು ಶೇ. 27, ಸಿಗದವರಲ್ಲಿ ಶೇ. 25. ಅಂದರೆ ಉಪಯೋಗವಿಲ್ಲ. ಮಾತು ಬದಲಾದದ್ದು ನಿಜ. ಆದರೆ ಎರಡನೇ ಮಾತಿನ ಹಿಂದೆ ಗಟ್ಟಿ ಹೋಲಿಕೆ ಇತ್ತು.

ಎದುರು ಪಕ್ಷವೂ ಸಾಚಾ ಏನಲ್ಲ. ಇದೇ ಮಾತ್ರೆ ಅಪಾಯಕಾರಿ ಎಂದು 2020ರ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಬಂಧ 671 ಆಸ್ಪತ್ರೆಗಳ 96,000 ರೋಗಿಗಳ ಮಾಹಿತಿ ಇದೆ ಅಂದಿತು. ಮೂಲ ಮಾಹಿತಿ ತೋರಿಸಿ ಅಂದಾಗ ಅದನ್ನು ಒದಗಿಸಿದ್ದ ಕಂಪನಿ ಕೊಡಲಿಲ್ಲ. ಎರಡೇ ವಾರದಲ್ಲಿ ಅದನ್ನೂ ಹಿಂತೆಗೆದುಕೊಂಡರು.

"ಸಾವು ಮೂರನೇ ಒಂದು ಭಾಗ ಕಡಿಮೆಯಾಯಿತು" ಅಂದರೆ ನೂರಕ್ಕೆ 33 ಜನ ಉಳಿದರು ಅಂತಾನಾ?

ಅಲ್ಲ. ಅದೇ ರಿಕವರಿಯ ಡೆಕ್ಸಾಮೆಥಾಸೋನ್ ಲೆಕ್ಕ ನೋಡಿ. ವೆಂಟಿಲೇಟರ್ ಮೇಲಿದ್ದವರಲ್ಲಿ ಔಷಧ ಸಿಗದಿದ್ದಾಗ ನೂರಕ್ಕೆ ಸುಮಾರು 41 ಜನ ಸತ್ತರು, ಸಿಕ್ಕಾಗ ಸುಮಾರು 29. ಉಳಿದದ್ದು ನೂರಕ್ಕೆ 12 ಜನ. ದಶಕಗಳಿಂದ ಇರುವ ಅಗ್ಗದ ಸ್ಟೀರಾಯ್ಡ್‌ಗೆ ಇದು ಭಾರಿ ಫಲ. ಆದರೆ ಆಕ್ಸಿಜನ್ ಬೇಕಿಲ್ಲದವರಲ್ಲಿ ಔಷಧ ಸಿಕ್ಕವರು ಶೇ. 17.8, ಸಿಗದವರು ಶೇ. 14 ಸತ್ತರು. ಪ್ರಯೋಜನ ಕಾಣಲಿಲ್ಲ, ಹಾನಿಯೇ ಆಗಿರಬಹುದು. ನಮ್ಮಲ್ಲಿ ಎರಡನೇ ಅಲೆಯಲ್ಲಿ ಸಣ್ಣ ಜ್ವರಕ್ಕೂ ಸ್ಟೀರಾಯ್ಡ್ ನುಂಗಿದವರಿಗೆ ಈ ಎರಡನೇ ಸಾಲನ್ನು ಯಾರೂ ಓದಿ ಹೇಳಲಿಲ್ಲ.

ಮನೆಗಳ ಮೇಲೆ ಪ್ರಯೋಗ ಮಾಡಲಾಗುತ್ತದಾ? ಜನರನ್ನು ಎತ್ತಿ ಬೇರೆ ಕಡೆ ಇಡುವುದಕ್ಕಾಗುತ್ತದಾ?

ಎತ್ತಿ ಇಡಲಾಗುವುದಿಲ್ಲ. ಆದರೆ ಸರ್ಕಾರಗಳು ಲಾಟರಿ ಎತ್ತುತ್ತವೆ. ಅರ್ಜಿ ಹಾಕಿದವರಲ್ಲಿ ಗೆದ್ದವರು, ಸೋತವರು ಮೊದಲು ಒಂದೇ ತರಹದವರು. ವರ್ಷಗಳ ನಂತರ ಇಬ್ಬರನ್ನೂ ಹೋಲಿಸಬಹುದು.

ಅಹಮದಾಬಾದಿನಲ್ಲಿ 1987ರಲ್ಲಿ ಕೊಳೆಗೇರಿಯ ಬಡವರಿಗೆ ಊರ ಹೊರಗಿನ ಹೊಸ ಮನೆಗಳಿಗೆ ಲಾಟರಿ ಎತ್ತಿದ್ದರು. 14 ವರ್ಷದ ಮೇಲೆ ಶ್ಯಾರನ್ ಬಾರ್ನ್‌ಹಾರ್ಟ್, ಎರಿಕಾ ಫೀಲ್ಡ್ ಮತ್ತು ರೋಹಿಣಿ ಪಾಂಡೆ ಗೆದ್ದವರನ್ನೂ ಸೋತವರನ್ನೂ ಹುಡುಕಿ ನೋಡಿದರು. ಗೆದ್ದವರಲ್ಲಿ ಶೇ. 34 ಜನ ಆ ಮನೆಗೆ ಹೋಗಿಯೇ ಇರಲಿಲ್ಲ. ಇನ್ನು ಶೇ. 32 ಜನ ಹೋಗಿ, ಆಮೇಲೆ ಬಿಟ್ಟಿದ್ದರು. ಗೋಡೆ, ಸೂರು ಚೆನ್ನಾಗಿತ್ತು. ಆದರೆ ಆದಾಯದಲ್ಲಾಗಲಿ, ಮಕ್ಕಳ ಸ್ಥಿತಿಯಲ್ಲಾಗಲಿ ಬದಲಾವಣೆ ಇಲ್ಲ. ಯಾಕೆ ಅಂತ ಕೊಳೆಗೇರಿಯಲ್ಲಿ ಬಾಳಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಕೆಲಸ ಇರುವುದು ಊರೊಳಗೆ. ಕಷ್ಟಕ್ಕೆ ನೂರಿನ್ನೂರು ಕೈಸಾಲ ಕೊಡುವ ನೆಂಟರು, ಮಗುವನ್ನು ನೋಡಿಕೊಳ್ಳುವ ಪಕ್ಕದ ಮನೆಯವರು ಹಳೇ ಗಲ್ಲಿಯಲ್ಲೇ ಉಳಿದರು. ಅಧ್ಯಯನವೂ ಅದನ್ನೇ ಹೇಳಿತು: ಗೆದ್ದವರು ತಮ್ಮವರಿಂದ ದೂರವಾದರು, ಆಪತ್ತಿಗೆ ಆಗುವವರು ಕಡಿಮೆಯಾದರು. ನಮ್ಮ ಊರುಗಳ ಹೊರವಲಯದಲ್ಲಿ ವಸತಿ ಸಮುಚ್ಚಯ ಕಟ್ಟುವವರು ಈ ಅಂಕಿಗಳನ್ನು ಟೇಬಲ್ ಮೇಲಿಟ್ಟುಕೊಂಡರೆ ಚೆನ್ನ.

ಅಮೆರಿಕದಲ್ಲಿ 1994ರಿಂದ 1998ರವರೆಗೆ ಐದು ನಗರಗಳ 4,600 ಬಡ ಕುಟುಂಬಗಳಿಗೆ ಇಂಥದ್ದೇ ಲಾಟರಿ ನಡೆಯಿತು. ಗೆದ್ದವರಲ್ಲಿ ಒಂದು ಗುಂಪಿಗೆ ಬಡತನ ಕಡಿಮೆಯಿರುವ ಬಡಾವಣೆಗೆ ಹೋಗಲು ಬಾಡಿಗೆ ಸಹಾಯ ಸಿಕ್ಕಿತು. ಮೊದಲಿಗೆ ಆದಾಯದಲ್ಲಿ ಏನೂ ಫಲ ಕಾಣದೆ ಎಲ್ಲರಿಗೂ ನಿರಾಸೆ. ಮಕ್ಕಳು ಬೆಳೆದು ದುಡಿಯುವವರೆಗೆ ಕಾದ ಮೇಲೆ ಚಿತ್ರ ಬೇರೆಯಾಯಿತು. 13 ವರ್ಷ ತುಂಬುವ ಮೊದಲೇ ಹೋದ ಮಕ್ಕಳ ಆದಾಯ ಇಪ್ಪತ್ತೈದರ ಆಸುಪಾಸಿನಲ್ಲಿ ಶೇ. 31ರಷ್ಟು ಹೆಚ್ಚಿತ್ತು. ದೊಡ್ಡವರಾದ ಮೇಲೆ ಹೋದವರಿಗೆ ಆ ಲಾಭ ಇಲ್ಲ. ರಾಜ್ ಚೆಟ್ಟಿ ಮತ್ತು ಜೊತೆಗಾರರ ಈ ಕೆಲಸ ಬಂದದ್ದು ಲಾಟರಿ ಎತ್ತಿ ಸುಮಾರು ಇಪ್ಪತ್ತು ವರ್ಷದ ನಂತರ.

ಲಾಟರಿ ಇಲ್ಲದ ಕಡೆ?

ಕಾನೂನಿನ ಗೆರೆ ಹುಡುಕುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1994ರಲ್ಲಿ ಮತದಾರರು ಸಣ್ಣ ಕಟ್ಟಡಗಳಿಗೂ ಬಾಡಿಗೆ ನಿಯಂತ್ರಣ ಹಾಕಿದರು. ಆದರೆ 1980ಕ್ಕೆ ಮೊದಲು ಕಟ್ಟಿದವಕ್ಕೆ ಮಾತ್ರ. ಹಾಗಾಗಿ 1979ರ ಕಟ್ಟಡ ಕಾನೂನಿನೊಳಗೆ, 1981ರದ್ದು ಹೊರಗೆ. ಕಟ್ಟಡದಲ್ಲಿ, ಬಾಡಿಗೆದಾರರಲ್ಲಿ ಅಂಥ ವ್ಯತ್ಯಾಸವಿಲ್ಲ. ಇದನ್ನು ಹಿಡಿದು ರೆಬೆಕಾ ಡೈಮಂಡ್ ಮತ್ತು ಇಬ್ಬರು ಜೊತೆಗಾರರು 2019ರಲ್ಲಿ ಪ್ರಕಟಿಸಿದ್ದು ಹೀಗೆ: ಒಳಗಿದ್ದ ಬಾಡಿಗೆದಾರರಿಗೆ ನಿಜಕ್ಕೂ ಅನುಕೂಲವಾಯಿತು, ಅದೇ ಮನೆಯಲ್ಲಿ ಉಳಿದವರು ಹೆಚ್ಚು. ಆದರೆ ಓನರ್‌ಗಳು ಅಂಥ ಕಟ್ಟಡಗಳನ್ನು ಮಾರುವ ಫ್ಲ್ಯಾಟ್ ಮಾಡಿ ಬಾಡಿಗೆ ಮನೆಗಳನ್ನು ಶೇ. 15ರಷ್ಟು ಕಡಿಮೆ ಮಾಡಿದರು. ಇಡೀ ಊರಿನ ಬಾಡಿಗೆ ಶೇ. 5ರಷ್ಟು ಏರಿತು. "ಬಾಡಿಗೆ ನಿಯಂತ್ರಣ ಒಳ್ಳೆಯದೋ ಕೆಟ್ಟದ್ದೋ" ಅಂತ ಜಗಳ ಆಡುವ ಇಬ್ಬರಿಗೂ ಇದರಲ್ಲಿ ಅರ್ಧರ್ಧ ಸಿಗುತ್ತದೆ.

ಬೆಂಗಳೂರಿನ ಬಾಡಿಗೆ ಬಗ್ಗೆ ಇಂಥ ಸಂಶೋಧನೆ ಯಾಕೆ ಕಷ್ಟ?

ದಾಖಲೆ ಇಲ್ಲ. ನಿಮ್ಮ ಬಾಡಿಗೆ ಕರಾರು ಪತ್ರ ತೆಗೆದು ನೋಡಿ, ಹನ್ನೊಂದು ತಿಂಗಳು ಅಂತ ಇರುತ್ತದೆ. ಒಂದು ವರ್ಷಕ್ಕೆ ಮೀರಿದರೆ ನೋಂದಣಿ ಕಡ್ಡಾಯ, ಅದಕ್ಕೇ ಹನ್ನೊಂದು. ಸ್ಟ್ಯಾಂಪ್ ಪೇಪರ್ ಮೇಲೆ ಸಹಿ ಹಾಕಿ ಬೀರುವಿನಲ್ಲಿಟ್ಟರೆ ಮುಗಿಯಿತು. ಸರ್ಕಾರಕ್ಕೂ ಗೊತ್ತಾಗದು, ಸಂಶೋಧಕರಿಗೂ ಗೊತ್ತಾಗದು. ಅಡ್ವಾನ್ಸ್ ಎಷ್ಟು, ಲೀಸ್‌ಗೆ ಹಾಕಿಕೊಂಡ ಮನೆ ಎಷ್ಟಕ್ಕೆ ಅನ್ನುವುದು ಇನ್ನೂ ಕತ್ತಲು. ಆನ್‌ಲೈನ್ ಜಾಹೀರಾತಿನಲ್ಲಿ ಸಿಗುವುದು ಕೇಳುವ ಬಾಡಿಗೆ, ಕೊಡುವ ಬಾಡಿಗೆ ಅಲ್ಲ.

ಮಾರಾಟದ ಬೆಲೆಯೂ ಹಾಗೇ. ಕ್ರಯಪತ್ರದಲ್ಲಿ ಬರೆಯುವುದು ಎಷ್ಟೋ ಸಲ ಸರ್ಕಾರ ಗೊತ್ತು ಮಾಡಿದ ಬೆಲೆಗೆ (ಗೈಡೆನ್ಸ್ ವ್ಯಾಲ್ಯೂ) ಹತ್ತಿರದ ಮೊತ್ತ. ಉಳಿದದ್ದು ಕೈಯಿಂದ ಕೈಗೆ. ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕ ನಿಂತಿರುವುದು ಇಂಥ ನೋಂದಣಿ ದಾಖಲೆಗಳ ಮೇಲೆ. ಸರ್ಕಾರ ಗೈಡೆನ್ಸ್ ವ್ಯಾಲ್ಯೂ ಏರಿಸಿದರೆ, ನಿಜವಾದ ಬೆಲೆ ಕದಲದಿದ್ದರೂ ಕಾಗದದ ಮೇಲಿನ ಬೆಲೆ ಏರಿಬಿಡಬಹುದು.

ದೇಶದಲ್ಲಿ ಮನೆ ಕೊರತೆ ಅಂತಾರೆ, ಖಾಲಿ ಮನೆಗಳೂ ಇವೆ ಅಂತಾರೆ. ಯಾವುದು ನಿಜ?

ಎರಡೂ. 2011ರ ಜನಗಣತಿಯಲ್ಲಿ ನಗರಗಳಲ್ಲಿ ಖಾಲಿ ಬಿದ್ದ ಮನೆಗಳು ಸುಮಾರು 1.1 ಕೋಟಿ. ಅದರ ಮರುವರ್ಷವೇ ಕೇಂದ್ರದ ತಾಂತ್ರಿಕ ಸಮಿತಿ ನಗರಗಳ ಕೊರತೆ ಸುಮಾರು 1.88 ಕೋಟಿ ಅಂದಿತು. ಆ 1.88 ಕೋಟಿಯಲ್ಲಿ ಸೂರೇ ಇಲ್ಲದವರು ಐದಾರು ಲಕ್ಷ ಮಾತ್ರ. ಸುಮಾರು 1.5 ಕೋಟಿ, ಮದುವೆಯಾದ ಜೋಡಿಗೆ ಪ್ರತ್ಯೇಕ ಕೋಣೆಯೂ ಇಲ್ಲದಷ್ಟು ಇಕ್ಕಟ್ಟಿನ ಮನೆಗಳು. ಕೊರತೆಯ ಬಹುಪಾಲು ಬಡವರದ್ದು. ಖಾಲಿ ಫ್ಲ್ಯಾಟಿನ ಬೀಗದ ಕೈ ಅವರ ಕೈಗೆ ಬರುವಂಥದ್ದಲ್ಲ.

ಪ್ರಬಂಧದಲ್ಲಿ ಹೆಸರುಗಳ ಸಾಲು ಇಷ್ಟು ಉದ್ದ ಯಾಕೆ? ಮೊದಲ ಹೆಸರಿನವರೇ ಮುಖ್ಯಾನಾ?

ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಮೊದಲನೆಯವರು ಹೆಚ್ಚು ದುಡಿದವರು, ಕೊನೆಯವರು ತಂಡದ ಹಿರಿಯರು. ಅರ್ಥಶಾಸ್ತ್ರದಲ್ಲಿ ಹೆಚ್ಚಿನ ಸಲ ಅಕ್ಷರಮಾಲೆ ಕ್ರಮ. ಸರ್ನ್‌ನಲ್ಲೂ ಅಕ್ಷರಮಾಲೆಯೇ. ಹಿಗ್ಸ್ ತೂಕದ ಬಗ್ಗೆ 2015ರಲ್ಲಿ ಬಂದ ಪ್ರಬಂಧಕ್ಕೆ 5,154 ಲೇಖಕರು. 33 ಪುಟದಲ್ಲಿ 24 ಪುಟ ಹೆಸರು ಮತ್ತು ಸಂಸ್ಥೆಗಳೇ!

ದುಡ್ಡು ಕೊಡದೆ ಓದುವುದು ಹೇಗೆ?

ಭೌತವಿಜ್ಞಾನದ್ದು ಬಹುಪಾಲು ಅರ್ಕೈವ್ (arXiv) ಎಂಬ ಜಾಲತಾಣದಲ್ಲಿ ಉಚಿತ. ಅದು 1991ರಿಂದ ಇದೆ. ವೈದ್ಯಕೀಯದ್ದು ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಸಾಕಷ್ಟು ಸಿಗುತ್ತದೆ. ಅರ್ಥಶಾಸ್ತ್ರಜ್ಞರು ಪ್ರಕಟಣೆಗೆ ವರ್ಷಗಟ್ಟಲೆ ಮೊದಲೇ ಕರಡನ್ನು ತಮ್ಮ ಪುಟದಲ್ಲಿ ಹಾಕಿರುತ್ತಾರೆ. ಭಾರತದ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ. ಸರ್ಕಾರಿ ಕಾಲೇಜಿನಲ್ಲಿದ್ದರೆ ಸರ್ಕಾರವೇ ಪತ್ರಿಕೆಗಳ ಚಂದಾ ಕಟ್ಟುವ "ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್" ಯೋಜನೆ 2025ರ ಜನವರಿಯಿಂದ ಶುರುವಾಗಿದೆ, ಗ್ರಂಥಪಾಲಕರನ್ನು ಕೇಳಿ. ಅರ್ಕೈವ್‌ನಲ್ಲಿದೆ ಎಂದ ಮಾತ್ರಕ್ಕೆ ಬೇರೆ ತಜ್ಞರು ಪರಿಶೀಲಿಸಿದ್ದಾರೆ ಅಂತಲ್ಲ. ಎಲ್‌ಕೆ-99 ಕೂಡ ಮೊದಲು ಬಂದದ್ದು ಅಲ್ಲೇ.

ನಮ್ಮ ಮನೆಯವರನ್ನು ಔಷಧ ಪರೀಕ್ಷೆಗೆ ಸೇರಿ ಅಂತ ಆಸ್ಪತ್ರೆಯವರು ಕೇಳುತ್ತಿದ್ದಾರೆ. ಸೇರಬಹುದಾ?

ಸೇರುವುದು ಬಿಡುವುದು ನಿಮ್ಮಿಷ್ಟ, ಬೇಡ ಅಂದರೂ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಮೊದಲು ಸಿಟಿಆರ್‌ಐ (ಭಾರತದ ಔಷಧ ಪರೀಕ್ಷೆಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ 2009ರ ಜೂನ್‌ನಿಂದ ಔಷಧ ಪರೀಕ್ಷೆಗಳು ಅಲ್ಲಿ ನೋಂದಾಯಿಸಲೇಬೇಕು, ಸಂಖ್ಯೆ ಹಾಕಿದರೆ ಯಾರು ಬೇಕಾದರೂ ನೋಡಬಹುದು. ಏನನ್ನು ಏನಕ್ಕೆ ಹೋಲಿಸುತ್ತಿದ್ದಾರೆ, ಯಾವುದನ್ನು ಫಲ ಅಂತ ಎಣಿಸುತ್ತಾರೆ ಅನ್ನುವುದು ಅಲ್ಲಿ ಮೊದಲೇ ಬರೆದಿರುತ್ತದೆ. ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಕನ್ನಡದ್ದು ಕೊಡಿ ಅಂತ ಧೈರ್ಯವಾಗಿ ಕೇಳಿ, ಮನೆಗೆ ತಂದು ನಾಲ್ಕು ಜನಕ್ಕೆ ತೋರಿಸಿ. ಮಧ್ಯದಲ್ಲಿ ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಹೊರಗೆ ಬರಬಹುದು. ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಇದೆ ಎಂದು 2019ರ ನಿಯಮಗಳೇ ಹೇಳುತ್ತವೆ. ಪತ್ರದಲ್ಲಿ ನೈತಿಕ ಸಮಿತಿಯ ಹೆಸರು, ಫೋನ್ ನಂಬರ್ ಇದೆಯಾ ನೋಡಿ. ಇಲ್ಲದಿದ್ದರೆ ಅದು ಬರುವವರೆಗೆ ಸಹಿ ಹಾಕಬೇಡಿ.